ಮುಷ್ಟಿಕಾಳಗದ ಸುತ್ತುಗಳು

ಚಿತ್ರದುರ್ಗದ ಸೀಮೆಯವರಿಗೆ 'ಸುತ್ತು' ಎಂಬ ಮಾತಿನ ಅರ್ಥವನ್ನು ಬಿಡಿಸಿ ಹೇಳಬೇಕಾದುದಿಲ್ಲ. ಏಳು ಸುತ್ತಿನ ಕೋಟೆಯ ನೆರಳಿನಲ್ಲಿ ಬೆಳೆದವರಿಗೆ, ಒಂದು ಸುತ್ತನ್ನು ದಾಟಿದವನು ಇನ್ನೊಂದರ ಬಾಗಿಲಿನಲ್ಲಿ ನಿಲ್ಲಬೇಕಾಗುವುದೆಂಬುದೂ, ಹೊರಸುತ್ತು ಹೋದ ಮಾತ್ರಕ್ಕೆ ಒಳಗಿರುವವನು ಸೋತಂತಾಗಲಿಲ್ಲವೆಂಬುದೂ ಬಾಲ್ಯದಿಂದ ತಿಳಿದ ಸಂಗತಿ. ಇಂಗ್ಲಿಷಿನವರು 'ರೌಂಡ್' ಎಂದು ಕರೆಯುವ ಮುಷ್ಟಿಕಾಳಗದ ಕಾಲವಿಭಾಗಕ್ಕೂ ಕನ್ನಡದಲ್ಲಿ ಸುತ್ತೆಂಬ ಹೆಸರೇ ರೂಢಿಗೆ ಬಂದಿದೆ. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳ ಮನೆಗಳಲ್ಲಿಯೂ ಈಗ ದೂರದರ್ಶನದ ಮೂಲಕ ಈ ಕಾಳಗಗಳನ್ನು ನೋಡುವವರಿದ್ದಾರೆ. ಕಿರಿಯರು ಹುರುಪಿನಿಂದ ನೋಡುವರು, ಹಿರಿಯರಲ್ಲಿ ಹಲವರು "ಒಬ್ಬರ ಮೋರೆಯನ್ನೊಬ್ಬರು ಜಜ್ಜುವುದರಲ್ಲಿ ನೋಡತಕ್ಕದ್ದೇನಿದೆ?" ಎಂದು ಎದ್ದುಹೋಗುವರು. ಎರಡು ಪಕ್ಷದವರಿಗೂ ಸಾಮಾನ್ಯವಾಗಿ ಕಾಣುವುದು ಗುದ್ದು ಮಾತ್ರ. ಗುದ್ದಿನ ಹಿಂದೆ ಒಂದು ಲೆಕ್ಕವುಂಟು. ಆ ಲೆಕ್ಕಕ್ಕೆ ಒಂದು ಚರಿತ್ರೆಯುಂಟು. ಅದಕ್ಕೆ ತೆರಬೇಕಾದ ಒಂದು ಬೆಲೆಯೂ ಉಂಟು. ಈ ಮೂರನ್ನೂ ವಿಚಾರಿಸಿ ನೋಡುವುದು ವ್ಯರ್ಥವಾಗಲಾರದು.

ಮಲ್ಲವಿದ್ಯೆಯನ್ನು ಶಾಸ್ತ್ರವೆಂದು ಭಾವಿಸುವುದು ಕನ್ನಡನಾಡಿಗೆ ಹೊಸದಲ್ಲ. ಕಲ್ಯಾಣದ ಚಾಲುಕ್ಯ ಚಕ್ರವರ್ತಿಯಾದ ಮೂರನೆಯ ಸೋಮೇಶ್ವರನು ೧೨ನೆಯ ಶತಮಾನದ ಪೂರ್ವಾರ್ಧದಲ್ಲಿ ಸಂಸ್ಕೃತದಲ್ಲಿ ರಚಿಸಿದ 'ಮಾನಸೋಲ್ಲಾಸ'ದಲ್ಲಿ ಮಲ್ಲವಿನೋದಕ್ಕೆ ಪ್ರತ್ಯೇಕವಾದ ಸ್ಥಾನವಿದೆ. ಅಲ್ಲಿ ಮಲ್ಲರನ್ನು ಜ್ಯೇಷ್ಠಿಕ, ಅಂತರಜ್ಯೇಷ್ಠಿಕ, ಗೋವಲ ಎಂದು ಮೂರು ತರಗತಿಗಳಾಗಿ ವಿಂಗಡಿಸಿದೆ. ಭಾರವನ್ನೆತ್ತುವುದು, ನಡೆಯುವುದು, ನೀರಿನಲ್ಲಿ ಈಜುವುದು, ತೋಳಿಗೆ ತೋಳು ಕೊಟ್ಟು ಸೆಣಸುವುದು, ಕಂಬವನ್ನು ಹತ್ತಿ ಸಾಧಿಸುವುದು ಎಂದು ಅವರ ಸಾಧನೆಯನ್ನೂ ಭಾರಶ್ರಮ, ಸಲಿಲಶ್ರಮ, ಸ್ತಂಭಶ್ರಮ ಮೊದಲಾದ ಹೆಸರುಗಳಿಂದ ನಿರೂಪಿಸಿದೆ. ಸಾಧನೆಗೆ 'ಶ್ರಮ'ವೆಂಬ ಹೆಸರನ್ನಿಟ್ಟುದು ಅರ್ಥವತ್ತಾಗಿದೆ. ಬಲವೆಂಬುದು ಹುಟ್ಟಿನಿಂದ ಬಂದ ಸೊತ್ತಲ್ಲ, ಶ್ರಮದಿಂದ ಕೂಡಿಟ್ಟ ನಿಧಿ. ಕೂಡಿಟ್ಟದ್ದನ್ನು ಯಾವಾಗ ಎಷ್ಟು ವೆಚ್ಚಮಾಡಬೇಕೆಂಬುದೇ ಕಾಳಗದ ಮರ್ಮ.

ವಿಜಯನಗರದ ಕಾಲಕ್ಕೆ ಬಂದರೆ ಪರದೇಶಿಯರ ಸಾಕ್ಷ್ಯವೂ ದೊರೆಯುತ್ತದೆ. ಕೃಷ್ಣದೇವರಾಯನ ಆಳ್ವಿಕೆಯಲ್ಲಿ ಬಂದ ಪೋರ್ಚುಗೀಸನಾದ ಡೊಮಿಂಗೊ ಪಾಯೆಸನು ಮಹಾನವಮಿಯ ಉತ್ಸವದಲ್ಲಿ ಕಂಡ ಮಲ್ಲರ ಕಾಳಗವನ್ನು ವರ್ಣಿಸುತ್ತ, ಅದು ತನ್ನ ದೇಶದ ಕುಸ್ತಿಯಂತಲ್ಲವೆಂದೂ, ಹಲ್ಲು ಮುರಿಯುವಂತಹ, ಕಣ್ಣು ಹೋಗುವಂತಹ ಏಟುಗಳು ಅದರಲ್ಲಿ ಬೀಳುವುವೆಂದೂ, ಮಾತಾಡಲಾರದ ಸ್ಥಿತಿಯಲ್ಲಿ ಕೆಲವರನ್ನು ಸ್ನೇಹಿತರು ಹೊತ್ತುಕೊಂಡು ಹೋಗುವರೆಂದೂ ಬರೆದಿದ್ದಾನೆ. ಕೆಲವು ವರ್ಷಗಳ ತರುವಾಯ ಬರೆದ ನೂನಿಜನು, ಮಲ್ಲರು ಮೊನೆಗಳುಳ್ಳ ಬಳೆಗಳನ್ನು ಕೈಗಳಲ್ಲಿ ಹಿಡಿದು ಹೊಡೆದಾಡುವರೆಂದೂ, ಹೆಚ್ಚಾಗಿ ಗಾಯಗೊಂಡವನು ಅರಸನಿಂದ ರೇಷ್ಮೆಯ ವಸ್ತ್ರದ ಉಡುಗೊರೆಯನ್ನು ಪಡೆಯುವನೆಂದೂ ತಿಳಿಸುತ್ತಾನೆ. ಹೊಡೆದವನಿಗಿಂತ ಏಟು ತಿಂದವನಿಗೆ ಮನ್ನಣೆ ಸಲ್ಲುತ್ತಿದ್ದ ಈ ಪದ್ಧತಿಯನ್ನು ನೆನಪಿನಲ್ಲಿಟ್ಟುಕೊಳ್ಳತಕ್ಕದ್ದು. ಚಿತ್ರದುರ್ಗದ ನಾಯಕರು ಇದೇ ವಿಜಯನಗರದ ಆಶ್ರಯದಲ್ಲಿ ತಲೆಯೆತ್ತಿದವರು. ಅವರ ಕೋಟೆಯೊಳಗೆ ಗರಡಿಮನೆಯನ್ನು ಇಂದಿಗೂ ತೋರಿಸುತ್ತಾರೆ.

ಮೈಸೂರಿನ ದಸರೆಯಲ್ಲಿ ಜಟ್ಟಿಗಳು ನಡೆಯಿಸುವ ವಜ್ರಮುಷ್ಟಿಯ ಕಾಳಗವು ಈ ಹಳೆಯ ಪರಂಪರೆಯ ಉಳಿಕೆಯೆನ್ನಬಹುದು. ವಿಜಯದಶಮಿಯ ದಿನ ಜಂಬೂಸವಾರಿಗೆ ಮುಂಚೆ, ಅರಮನೆಯ ಅಂಗಳದಲ್ಲಿ, ತಲೆ ಬೋಳಿಸಿಕೊಂಡ ಜಟ್ಟಿಗಳು ಬೆರಳುಗಳಿಗೆ ಮೊನೆಯುಳ್ಳ ನಖವನ್ನು ಧರಿಸಿ ಎದುರುಬದುರಾಗಿ ನಿಲ್ಲುವರು. ಒಬ್ಬನ ತಲೆಯಿಂದ ನೆತ್ತರಿನ ಮೊದಲ ಹನಿ ಕಂಡೊಡನೆ ಕಾಳಗವು ಮುಗಿಯಿತು. ಎಷ್ಟೋ ಸಲ ಒಂದೆರಡು ನಿಮಿಷಗಳೊಳಗೇ ಎಲ್ಲವೂ ತೀರಿಹೋಗುವುದುಂಟು. ಇಲ್ಲಿ ಸುತ್ತುಗಳಿಲ್ಲ, ವಿಶ್ರಾಂತಿಯಿಲ್ಲ. ಆದಕಾರಣ ಎದುರಾಳಿಯನ್ನು ದಣಿಸುವೆನೆಂದು ಕಾಯುವುದಕ್ಕೆ ಅವಕಾಶವೇ ಇಲ್ಲ. ಮೊದಲ ಕ್ಷಣದ ಎಚ್ಚರವೇ ಸರ್ವಸ್ವ. ಕಾಳಗದ ನಿಯಮವು ಹೇಗೋ ಯೋಧನ ಉಪಾಯವೂ ಹಾಗೆ ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಇಂಗ್ಲೆಂಡಿನ ಮುಷ್ಟಿಕಾಳಗದ ಚರಿತ್ರೆಯು ಈ ಮಾತಿಗೆ ಇನ್ನೊಂದು ನಿದರ್ಶನ. ೧೭೪೩ರಲ್ಲಿ ಜಾಕ್ ಬ್ರೌಟನ್ ಎಂಬಾತನು ಮೊದಲು ಲಿಖಿತವಾದ ಕಟ್ಟಳೆಗಳನ್ನು ಮಾಡಿದನು. ೧೮೩೮ರ ಲಂಡನ್ ಕಟ್ಟಳೆಗಳ ಪ್ರಕಾರ ಒಬ್ಬನು ನೆಲಕ್ಕೆ ಬಿದ್ದಾಗ ಒಂದು ಸುತ್ತು ಮುಗಿಯುತ್ತಿತ್ತು. ೩೦ ಸೆಕೆಂಡುಗಳ ವಿಶ್ರಾಂತಿಯಾದ ಮೇಲೆ ಮತ್ತೆ ಕಾಳಗ. ಸುತ್ತು ಅರ್ಧ ನಿಮಿಷದ್ದೂ ಆಗಬಹುದು, ಕಾಲು ಗಂಟೆಯದೂ ಆಗಬಹುದು. ೧೮೮೯ರಲ್ಲಿ ಅಮೆರಿಕದ ಮಿಸಿಸಿಪಿ ಸೀಮೆಯಲ್ಲಿ ಸಲಿವನ್, ಕಿಲ್ರೇನ್ ಎಂಬಿಬ್ಬರು ಬರಿಗೈಯಲ್ಲಿ ೭೫ ಸುತ್ತುಗಳವರೆಗೆ ಎರಡು ಗಂಟೆಗೂ ಮಿಗಿಲಾಗಿ ಹೊಡೆದಾಡಿದರು. ಅಷ್ಟರಲ್ಲಿಯೇ, ೧೮೬೭ರಲ್ಲಿ ಪ್ರಕಟವಾದ ಕ್ವೀನ್ಸ್‌ಬೆರಿ ಕಟ್ಟಳೆಗಳು ಹೊಸ ಪದ್ಧತಿಗೆ ಅಡಿಪಾಯ ಹಾಕಿದ್ದುವು. ಕೈಗವಸು, ಮೂರು ನಿಮಿಷದ ಸುತ್ತು, ಒಂದು ನಿಮಿಷದ ವಿಶ್ರಾಂತಿ, ಬಿದ್ದವನಿಗೆ ಏಳಲು ಹತ್ತು ಸೆಕೆಂಡುಗಳು: ಇವು ಆಗ ಬಂದುವು. ಅಂದಿನಿಂದ ಗಡಿಯಾರವೂ ಕಣದೊಳಗೆ ಮೂರನೆಯ ಮಲ್ಲನಂತೆ ಬಂದು ನಿಂತಿತು. ಯಾವನು ಗಡಿಯಾರವನ್ನು ತನ್ನ ಪಕ್ಷಕ್ಕೆ ಒಲಿಸಿಕೊಳ್ಳುವನೋ ಅವನು ತನಗಿಂತ ಬಲಿಷ್ಠನನ್ನೂ ಗೆಲ್ಲಬಲ್ಲನು.

ಇದಕ್ಕೆ ಸುಪ್ರಸಿದ್ಧವಾದ ದೃಷ್ಟಾಂತವು ೧೯೭೪ನೆಯ ಅಕ್ಟೋಬರ್ ೩೦ರಂದು ಆಫ್ರಿಕಖಂಡದ ಕಿನ್ಶಾಸಾ ಪಟ್ಟಣದಲ್ಲಿ ನಡೆದ ಕಾಳಗ. ಆಗಿನ್ನೂ ಕರ್ನಾಟಕದ ಮನೆಗಳಿಗೆ ದೂರದರ್ಶನವು ಬಂದಿರಲಿಲ್ಲ. ಅದರ ಚಿತ್ರವನ್ನು ಇಲ್ಲಿಯವರು ಕಂಡುದು ಬಹುಕಾಲದ ಮೇಲೆ. ಅಮೆರಿಕದ ವೀಕ್ಷಕರಿಗೆ ಅನುಕೂಲವಾಗಲೆಂದು ಅಲ್ಲಿಯ ಬೆಳಗಿನ ಜಾವ ನಾಲ್ಕು ಗಂಟೆಯ ಸುಮಾರಿಗೆ ಕಾಳಗವನ್ನು ಆರಂಭಿಸಿದರು. ಒಂದು ಕಡೆ ೨೫ ವರ್ಷದ ಜಾರ್ಜ್ ಫೋರ್ಮನ್. ೪೦ ಕಾಳಗಗಳಲ್ಲಿ ಒಂದನ್ನೂ ಸೋಲದವನು, ಅವುಗಳಲ್ಲಿ ೩೭ನ್ನು ಎದುರಾಳಿಯು ಮುಂದುವರಿಯಲಾರದಂತೆ ಮಾಡಿ ಗೆದ್ದವನು. ಇನ್ನೊಂದು ಕಡೆ ೩೨ ವರ್ಷದ ಮುಹಮ್ಮದ್ ಅಲಿ. ೧೯೬೪ರಲ್ಲಿ ಜಗಜ್ಜಟ್ಟಿಯೆನಿಸಿ, ೧೯೬೭ರಲ್ಲಿ ಸೈನ್ಯಕ್ಕೆ ಸೇರಲೊಲ್ಲದೆ ಪದವಿಯನ್ನು ಕಳೆದುಕೊಂಡು, ಮೂರು ವರ್ಷಗಳಿಗೂ ಮಿಗಿಲಾಗಿ ಕಣದಿಂದ ದೂರವಿದ್ದು ಹಿಂದಿರುಗಿದವನು. ಅಲಿಯನ್ನು ೧೯೭೧ರಲ್ಲಿ ಸೋಲಿಸಿದ್ದ ಜೋ ಫ್ರೇಸಿಯರನನ್ನು ಫೋರ್ಮನ್ನನು ೧೯೭೩ರಲ್ಲಿ ಎರಡೇ ಸುತ್ತುಗಳಲ್ಲಿ ಆರು ಸಲ ನೆಲಕ್ಕೆ ಕೆಡವಿದ್ದನು. ೧೯೭೩ರಲ್ಲಿಯೇ ಅಲಿಯ ದವಡೆಯನ್ನು ಮುರಿದಿದ್ದ ಕೆನ್ ನಾರ್ಟನನೂ ಫೋರ್ಮನ್ನನೆದುರಿಗೆ ಎರಡು ಸುತ್ತು ಮಾತ್ರ ನಿಂತನು. ಹೀಗಿರಲು ಅಲಿಯು ಗೆಲ್ಲುವನೆಂದು ನಂಬಿದ್ದವರು ವಿರಳ. ಕಾಳಗವು ೧೫ ಸುತ್ತುಗಳದೆಂದು ಗೊತ್ತಾಗಿದ್ದಿತು.

ಮೊದಲನೆಯ ಸುತ್ತಿನಲ್ಲಿ ಅಲಿಯು ಯಾರೂ ಎಣಿಸದ ಕಾರ್ಯವನ್ನು ಮಾಡಿದನು. ಬಲಗೈಯವನು ಮೊದಲು ಎಡಗೈಯ ನೇರಗುದ್ದಿನಿಂದ ದೂರವನ್ನು ಅಳೆದು, ಆಮೇಲೆ ಬಲಗೈಯನ್ನು ಬಿಡುವುದು ವಾಡಿಕೆ. ಬಲಗೈಯು ಹಿಂದೆ ಇರುವುದರಿಂದ ಅದು ಎದುರಾಳಿಯನ್ನು ತಲುಪಲು ಹೆಚ್ಚು ದೂರ ಸಾಗಬೇಕು. ಅಷ್ಟರಲ್ಲಿ ಅವನು ತಪ್ಪಿಸಿಕೊಂಡು ತಿರುಗಿ ಹೊಡೆಯಬಹುದು. ಅಲಿಯಾದರೋ ಎಡಗೈಯ ಪೀಠಿಕೆಯಿಲ್ಲದೆ ಬಲಗೈಯಿಂದಲೇ ಮತ್ತೆ ಮತ್ತೆ ಫೋರ್ಮನ್ನನ ಮೋರೆಗೆ ಹೊಡೆದನು. ಪೆಟ್ಟೂ ತಗಲಿತು, ಅವಮಾನವೂ ತಗಲಿತು, ಫೋರ್ಮನ್ನನು ಕೋಪಗೊಂಡನು. ಆದರೆ ಅದೇ ಮೂರು ನಿಮಿಷಗಳಲ್ಲಿ ಅಲಿಗೂ ಒಂದು ಸತ್ಯವು ತಿಳಿಯಿತು. ಕಣದ ಸುತ್ತ ಕುಣಿಯುತ್ತ ತಪ್ಪಿಸಿಕೊಳ್ಳುವುದು ಅವನ ಹಳೆಯ ವರಸೆ. ಫೋರ್ಮನ್ನನು ಅಡ್ಡಹೆಜ್ಜೆಯಿಟ್ಟು ದಾರಿಯನ್ನು ಕಟ್ಟುತ್ತಿದ್ದನು. ಅವನ ಒಂದು ಹೆಜ್ಜೆಗೆ ಅಲಿಯು ಎರಡು ಹೆಜ್ಜೆಯಿಡಬೇಕಾಯಿತು. ಹೀಗೆ ೧೫ ಸುತ್ತು ಕುಣಿದರೆ ದಣಿಯುವವನು ತಾನೇ ಎಂಬುದು ಅವನಿಗೆ ಮನದಟ್ಟಾಯಿತು.

ಎರಡನೆಯ ಸುತ್ತಿನಲ್ಲಿ ಅಲಿಯು ಕುಣಿತವನ್ನು ಬಿಟ್ಟು ಹಗ್ಗಕ್ಕೆ ಬೆನ್ನು ಕೊಟ್ಟು ನಿಂತನು. ಮಲ್ಲನು ಹಗ್ಗಕ್ಕೆ ಸಿಲುಕುವುದು ಸಾಮಾನ್ಯವಾಗಿ ಸೋಲಿನ ಲಕ್ಷಣ. ಮೂಲೆಯಲ್ಲಿದ್ದ ಅವನ ಶಿಕ್ಷಕ ಏಂಜೆಲೊ ಡಂಡಿಯೇ ಈಚೆಗೆ ಬರುವಂತೆ ಕೂಗಿ ಹೇಳುತ್ತಿದ್ದನು. ಅಲಿಯು ಮುಂಗೈಗಳಿಂದ ಮೋರೆಯನ್ನೂ ಮೊಳಕೈಗಳಿಂದ ಪಕ್ಕೆಗಳನ್ನೂ ಮರೆಮಾಡಿಕೊಂಡನು. ಹಗ್ಗಗಳು ಸಡಿಲವಾಗಿದ್ದುದರಿಂದ ಹಿಂದಕ್ಕೆ ಬಾಗಲು ಅನುಕೂಲವಾಗಿ, ತಲೆಗೆ ಬೀಸಿದ ಗುದ್ದುಗಳು ಅಂಗುಲದ ಅಂತರದಲ್ಲಿ ವ್ಯರ್ಥವಾದುವು. ತೋಳಿಗೆ ಬಿದ್ದ ಪೆಟ್ಟಿನ ಭಾರದಲ್ಲಿ ಒಂದು ಪಾಲನ್ನು ಹಗ್ಗವೇ ಹೊತ್ತುಕೊಂಡಿತು. ಫೋರ್ಮನ್ನನು ಹತ್ತಿರ ಬಂದಾಗ ಅಲಿಯು ಅವನ ಕತ್ತನ್ನು ಹಿಡಿದು ಕೆಳಕ್ಕೆ ಒತ್ತಿ, ತನ್ನ ಮೈಭಾರವನ್ನು ಅವನ ಮೇಲೆ ಹಾಕುತ್ತಿದ್ದನು. ಗರಡಿಯಲ್ಲಿ ಸಾಮು ಮಾಡಿದವರಿಗೆ ಇದರ ಫಲ ಗೊತ್ತು. ಕತ್ತಿನ ಮೇಲಿನ ಭಾರವು ಪೆಟ್ಟಾಗಿ ಕಾಣುವುದಿಲ್ಲ. ಉಸಿರನ್ನು ಮಾತ್ರ ಕದಿಯುತ್ತದೆ.

ಮೂರನೆಯ ಮತ್ತು ನಾಲ್ಕನೆಯ ಸುತ್ತುಗಳಲ್ಲಿ ಇದೇ ಕ್ರಮವು ನಡೆಯಿತು. ಫೋರ್ಮನ್ನನು ಪಕ್ಕೆಗಳ ಮೇಲೆ ಭಾರವಾದ ಗುದ್ದುಗಳನ್ನು ಸುರಿಸಿದನು. ಅಲಿಯು ಬಹುಪಾಲು ಕಾಲ ಸಹಿಸಿಕೊಂಡಿದ್ದು, ನಡುನಡುವೆ ಚುರುಕಾದ ನೇರಗುದ್ದುಗಳನ್ನು ಮೋರೆಗೆ ಕೊಡುತ್ತಿದ್ದನು. ಸುತ್ತಿನ ಕೊನೆಯಲ್ಲಿ ಹೊಡೆದ ಏಟಿಗೆ ಎರಡು ಪ್ರಯೋಜನಗಳುಂಟು. ತೀರ್ಪುಗಾರರ ಕಣ್ಣಿನಲ್ಲಿ ಅದೇ ನಿಲ್ಲುತ್ತದೆ. ಹೊಡೆಸಿಕೊಂಡವನೂ ಅದೇ ನೋವನ್ನು ಹೊತ್ತುಕೊಂಡು ಪೀಠಕ್ಕೆ ಹೋಗುತ್ತಾನೆ. ಜತೆಗೆ ಅಲಿಯು ಕಿವಿಯಲ್ಲಿ ಮಾತಾಡಿ ಕೆಣಕುತ್ತಲೂ ಇದ್ದನು. ಕೋಪವುಳ್ಳವನು ಉಸಿರಿನ ಲೆಕ್ಕವನ್ನು ಇಡಲಾರನಷ್ಟೆ. ಅಲ್ಲದೆ ಫೋರ್ಮನ್ನನಿಗೆ ಹಿಂದಿನ ಗೆಲವುಗಳೇ ಶತ್ರುಗಳಾಗಿದ್ದುವು. ಎರಡು ಸುತ್ತಿನಲ್ಲಿ ಮುಗಿಸುವ ಅಭ್ಯಾಸವುಳ್ಳವನಿಗೆ ಐದನೆಯ ಸುತ್ತಿಗೆಂದು ಬಲವನ್ನು ಉಳಿಸಿಡುವ ಅಭ್ಯಾಸವಿರಲಿಲ್ಲ.

ಐದನೆಯ ಸುತ್ತು ಕಾಳಗದ ನಡುಗಂಬ. ಫೋರ್ಮನ್ನನು ತನ್ನಲ್ಲಿದ್ದ ಸರ್ವಬಲವನ್ನೂ ಆ ಸುತ್ತಿನಲ್ಲಿ ಪ್ರಯೋಗಿಸಿದನು. ಅಲಿಯು ಹಗ್ಗವನ್ನು ಬಿಟ್ಟು ಕದಲಲಿಲ್ಲ. ಸುತ್ತು ಮುಗಿಯಲು ಅರ್ಧ ನಿಮಿಷವಿರುವಾಗ ಅವನು ಮೈಕೊಡವಿ ಈಚೆಗೆ ಬಂದು, ಬಳಲಿದ ಎದುರಾಳಿಯ ತಲೆಗೆ ಮೇಲಿಂದ ಮೇಲೆ ಹೊಡೆದನು. ಎರಡೂವರೆ ನಿಮಿಷದ ಸಾಲವನ್ನು ಅರ್ಧ ನಿಮಿಷದಲ್ಲಿ ಬಡ್ಡಿಸಹಿತ ತೀರಿಸಿದಂತಾಯಿತು. ಆರನೆಯ ಸುತ್ತಿನಲ್ಲಿ ಫೋರ್ಮನ್ನನ ಕೈಗಳು ನಿಧಾನವಾದುವು. ಅಲಿಯ ಎಡಗೈಯ ಗುದ್ದುಗಳು ತಡೆಯಿಲ್ಲದೆ ತಗಲತೊಡಗಿದುವು. ಏಳನೆಯದರಲ್ಲಿ ಫೋರ್ಮನ್ನನು ಹೊಡೆಯುವುದಕ್ಕಿಂತ ಒರಗುವುದೇ ಹೆಚ್ಚಾಯಿತು. ಮೋರೆಯು ಊದಿಕೊಂಡಿದ್ದಿತು, ಬೀಸಿದ ಕೈಯನ್ನು ಹಿಂದಕ್ಕೆ ಸೆಳೆದುಕೊಳ್ಳಲೂ ತ್ರಾಣವಿರಲಿಲ್ಲ.

ಎಂಟನೆಯ ಸುತ್ತಿನ ಕೊನೆಯ ಭಾಗದಲ್ಲಿ ಫೋರ್ಮನ್ನನ ಗುದ್ದೊಂದು ಗುರಿ ತಪ್ಪಿ, ಅವನೇ ಹಗ್ಗದ ಕಡೆಗೆ ತೂರಿಕೊಂಡನು. ಅಲಿಯು ಪಕ್ಕಕ್ಕೆ ಸರಿದು ಬಲಗೈಯ ಗುದ್ದುಗಳನ್ನು ಕೊಟ್ಟು ಅವನನ್ನು ಕಣದ ನಡುವಿಗೆ ತಿರುಗಿಸಿದನು. ಎಡಗೈಯ ಒಂದು ಗುದ್ದು ಅವನ ತಲೆಯನ್ನು ಮೇಲಕ್ಕೆತ್ತಿತು. ಹಿಂದೆಯೇ ಬಂದ ಬಲಗೈಯ ನೇರಗುದ್ದು ಮೋರೆಯ ಮಧ್ಯಕ್ಕೆ ತಾಕಿತು. ಫೋರ್ಮನ್ನನು ಸುತ್ತಿ ತಿರುಗುತ್ತ ಉರುಳಿದನು. ಅವನು ಬೀಳುತ್ತಿರುವಾಗ ಅಲಿಯ ಬಲಗೈಯು ಇನ್ನೊಂದು ಗುದ್ದಿಗೆ ಸಿದ್ಧವಾಗಿಯೇ ಇದ್ದಿತು. ಆದರೆ ಅವನು ಅದನ್ನು ಬಿಡದೆ ತಡೆಹಿಡಿದನು. ಸುತ್ತು ಮುಗಿಯಲು ಎರಡು ಸೆಕೆಂಡು ಉಳಿದಿರುವಾಗ ಮಧ್ಯಸ್ಥನು ಎಣಿಕೆ ಮುಗಿಸಿ ಕಾಳಗವನ್ನು ನಿಲ್ಲಿಸಿದನು. ಏಳು ವರ್ಷಗಳ ಹಿಂದೆ ಹೋಗಿದ್ದ ಪದವಿಯು ಅಲಿಗೆ ಮರಳಿ ಬಂದಿತು.

ಈ ಉಪಾಯವು ಅಲಿಯಿಂದಲೇ ಹುಟ್ಟಿದುದೆಂದು ಪಶ್ಚಿಮದವರು ಕೊಂಡಾಡುವುದುಂಟು. ಭಾರತದ ಸಭಾಪರ್ವವನ್ನು ಓದಿದವರಿಗೆ ಇದು ಅಪರಿಚಿತವಲ್ಲ. ಭೀಮಜರಾಸಂಧರ ಬಾಹುಯುದ್ಧವು ಕಾರ್ತಿಕಮಾಸದ ಮೊದಲ ದಿನದಲ್ಲಿ ಆರಂಭವಾಗಿ, ಅನ್ನಾಹಾರಗಳಿಲ್ಲದೆ ಹಗಲಿರುಳೂ ನಡೆದು, ಹದಿನಾಲ್ಕನೆಯ ರಾತ್ರಿ ಮಾಗಧನು ಬಳಲಿ ಹಿಂಜರಿದನೆಂದು ಅಲ್ಲಿ ಹೇಳಿದೆ. ಆಗ ಕೃಷ್ಣನು, ಬಳಲಿದ ವೈರಿಯನ್ನು ಪೀಡಿಸಬಾರದು, ಪೀಡಿಸಿದರೆ ಅವನು ಪ್ರಾಣವನ್ನೇ ಬಿಟ್ಟಾನು ಎಂದು ಭೀಮನಿಗೆ ನುಡಿದನು. ಮೇಲ್ನೋಟಕ್ಕೆ ಅದು ದಯೆಯ ಮಾತು. ಒಳಗೆ, ಸಮಯವು ಬಂದಿತೆಂಬ ಸೂಚನೆ. ಬಲದಲ್ಲಿ ಸಮಾನರಾದವರ ಕಾಳಗವನ್ನು ನಿರ್ಣಯಿಸುವುದು ಬಳಲಿಕೆಯೆಂಬುದನ್ನು ವ್ಯಾಸರು ಬಲ್ಲರು.

ಚಿತ್ರದುರ್ಗದ ಚರಿತ್ರೆಯೂ ಇದೇ ಪಾಠವನ್ನು ಹೇಳುತ್ತದೆ. ಅದಕ್ಕೆ ಒಂದು ಎಚ್ಚರಿಕೆಯನ್ನೂ ಸೇರಿಸುತ್ತದೆ. ಹೈದರಾಲಿಯು ೧೭೭೦ರ ದಶಕದಲ್ಲಿ ಮುತ್ತಿಗೆ ಹಾಕಿದಾಗ, ಕೋಟೆಯು ಮೊದಲಿಗೆ ತಿಂಗಳುಗಟ್ಟಲೆ ಏಟನ್ನು ತಡೆದುಕೊಂಡು ನಿಂತಿತು. ಹೊಡೆಯುವವನ ಮದ್ದು, ದವಸ, ತಾಳ್ಮೆಗಳು ಕರಗುತ್ತಿರಲು ಒಳಗಿದ್ದವರು ಕಾದರು. ಕಿಂಡಿಯಲ್ಲಿ ಒಬ್ಬೊಬ್ಬನಾಗಿ ನುಸುಳಿದ ವೈರಿಗಳನ್ನು ಓಬವ್ವೆಯು ಒನಕೆಯಿಂದ ಬಡಿದಳೆಂದು ನಾಡಿನವರು ನೆನೆಯುವ ಕಥೆಯಲ್ಲಿಯೂ, ಹಲವರ ಬಲವು ಇಕ್ಕಟ್ಟಿನಲ್ಲಿ ಒಬ್ಬನ ಬಲವಾಗಿಬಿಡುವ ಮರ್ಮವೇ ಇದೆ. ಆದರೂ ೧೭೭೯ರಲ್ಲಿ ಕೋಟೆಯು ಹೈದರನ ವಶವಾಗಿ ಮದಕರಿನಾಯಕನು ಸೆರೆಯಾದನು. ಗೋಡೆಯು ಬೀಳಲಿಲ್ಲ, ಒಳಗಿನವರ ದ್ರೋಹವು ಬಾಗಿಲನ್ನು ತೆರೆಯಿತು. ಏಟುಗಳನ್ನು ಸಹಿಸಿ ಗೆಲ್ಲುವವನು ಹೊರಗಿನ ಸುತ್ತುಗಳನ್ನು ಮಾತ್ರ ಎಣಿಸುತ್ತಾನೆ. ಒಳಗೆ ಏನು ಸಡಿಲವಾಗುತ್ತಿದೆಯೆಂಬುದು ಅವನಿಗೆ ಆಗ ಕಾಣುವುದಿಲ್ಲ.

ಅಲಿಯ ದೇಹವೂ ಅಂತಹ ಕೋಟೆಯಾಯಿತು. ಕಿನ್ಶಾಸಾದಲ್ಲಿ ಗೆದ್ದ ಉಪಾಯವನ್ನು ಅವನು ಮುಂದೆಯೂ ಬಿಡಲಿಲ್ಲ. ೧೯೭೫ನೆಯ ಅಕ್ಟೋಬರ್ ೧ರಂದು ಮನಿಲಾದಲ್ಲಿ ಫ್ರೇಸಿಯರನೊಡನೆ ೧೪ ಸುತ್ತು ಹೊಡೆದಾಡಿದಾಗ ಇಬ್ಬರೂ ಜೀವಚ್ಛವಗಳಂತಾಗಿದ್ದರು. ಫ್ರೇಸಿಯರನ ಕಣ್ಣುಗಳು ಊದಿ ಮುಚ್ಚಿಹೋಗಿದ್ದುವು. ಅವನು ಇನ್ನೂ ಕಾದಲು ಬಯಸಿದರೂ ಶಿಕ್ಷಕ ಎಡ್ಡಿ ಫಚ್ಚನು ಅವನನ್ನು ೧೫ನೆಯ ಸುತ್ತಿಗೆ ಏಳಗೊಡಲಿಲ್ಲ. ಗೆದ್ದ ಅಲಿಯೇ ಅದು ಸಾವಿಗೆ ಅತ್ಯಂತ ಸಮೀಪವಾದ ಅನುಭವವೆಂದು ಹೇಳಿಕೊಂಡನು. ೧೯೮೦ರಲ್ಲಿ ಲ್ಯಾರಿ ಹೋಮ್ಸನೆದುರಿಗೆ ೧೦ ಸುತ್ತು ಏಟು ತಿಂದ ಮೇಲೆ ಡಂಡಿಯು ಕಾಳಗವನ್ನು ನಿಲ್ಲಿಸಬೇಕಾಯಿತು. ೧೯೮೧ರಲ್ಲಿ ಅಲಿಯ ಕೊನೆಯ ಕಾಳಗ. ೧೯೮೪ರಲ್ಲಿ ಪಾರ್ಕಿನ್ಸನ್ ರೋಗಲಕ್ಷಣಗಳನ್ನು ವೈದ್ಯರು ಗುರುತಿಸಿದರು. ಪೆಟ್ಟುಗಳೇ ಏಕಮಾತ್ರ ಕಾರಣವೆಂದು ವೈದ್ಯಶಾಸ್ತ್ರವು ತೀರ್ಪು ಕೊಡುವುದಿಲ್ಲ. ತಲೆಗೆ ಪದೇಪದೇ ಬೀಳುವ ಪೆಟ್ಟು ಮೆದುಳನ್ನು ಕೆಡಿಸುವುದೆಂಬುದರಲ್ಲಿ ಮಾತ್ರ ಅದಕ್ಕೆ ಸಂದೇಹವಿಲ್ಲ. ಮಾತಿನ ಮಲ್ಲನೂ ಆಗಿದ್ದವನ ನಾಲಗೆಯು ತೊಡರಿ, ಕೈಗಳು ನಡುಗಿದುವು. ೨೦೧೬ರಲ್ಲಿ ಅವನು ಮೃತನಾದನು.

ಸೋತ ಫೋರ್ಮನ್ನನ ಕಥೆಯು ಇದಕ್ಕೆ ಪ್ರತಿಯಾಗಿ ನಿಲ್ಲುತ್ತದೆ. ಅವನು ೧೯೭೭ರಲ್ಲಿ ಕಣವನ್ನು ಬಿಟ್ಟು ಧರ್ಮಬೋಧಕನಾಗಿ, ಹತ್ತು ವರ್ಷಗಳ ಮೇಲೆ ಹಿಂದಿರುಗಿದನು. ೧೯೯೪ನೆಯ ನವೆಂಬರ್ ೫ರಂದು, ತನ್ನ ೪೫ನೆಯ ವಯಸ್ಸಿನಲ್ಲಿ, ೨೬ ವರ್ಷದ ಮೈಕೆಲ್ ಮೂರರನನ್ನು ಎದುರಿಸಿದನು. ಒಂಬತ್ತು ಸುತ್ತುಗಳವರೆಗೆ ಎಲ್ಲ ತೀರ್ಪುಗಾರರ ಲೆಕ್ಕದಲ್ಲಿಯೂ ಹಿಂದೆ ಬಿದ್ದಿದ್ದನು. ಅವಸರಪಡಲಿಲ್ಲ; ಕೋಪಿಸಿಕೊಳ್ಳಲಿಲ್ಲ. ಹತ್ತನೆಯ ಸುತ್ತಿನಲ್ಲಿ ಮೂರರನು ಅವನ ಬಲಗೈಯ ನೇರಕ್ಕೆ ಬಂದು ನಿಂತಾಗ, ಹೆಚ್ಚು ದೂರ ಬೀಸದ ಒಂದು ಗುದ್ದಿನಿಂದ ಅವನನ್ನು ಕೆಡವಿ ಜಗಜ್ಜಟ್ಟಿಯಾದನು. ಅಂದು ಅವನು ತೊಟ್ಟಿದ್ದುದು ಇಪ್ಪತ್ತು ವರ್ಷಗಳ ಹಿಂದೆ ಕಿನ್ಶಾಸಾದಲ್ಲಿ ತೊಟ್ಟಿದ್ದ ಚಲ್ಲಣವನ್ನೇ. ಎಂಟು ಸುತ್ತುಗಳಲ್ಲಿ ಕಲಿತ ಪಾಠವು ಇಪ್ಪತ್ತು ವರ್ಷಗಳ ಮೇಲೆ ಫಲಿಸಿತು. ಅಲಿ, ಫೋರ್ಮನ್ ಇಬ್ಬರೂ ಮುಂದೆ ಸ್ನೇಹಿತರಾಗಿ ಬಾಳಿದರು. ೨೦೨೫ರಲ್ಲಿ ಫೋರ್ಮನ್ನನೂ ತೀರಿಕೊಂಡನು.

ಮನೆಯಲ್ಲಿ ಕುಳಿತು ಈ ಕಾಳಗಗಳನ್ನು ನೋಡುವವರು ಕೈಗಳಿಗಿಂತ ಮೊದಲು ಕಾಲುಗಳನ್ನು ನೋಡುವುದು ಲೇಸು. ಕಣದ ನಡುವನ್ನು ಯಾರು ಹಿಡಿದಿದ್ದಾರೆ, ಯಾರು ಹೆಚ್ಚು ಹೆಜ್ಜೆ ಹಾಕುತ್ತಿದ್ದಾರೆ, ಗುರಿ ತಪ್ಪಿದ ಗುದ್ದಿಗೆ ಯಾರು ಹೆಚ್ಚು ಬಲ ವ್ಯಯಮಾಡಿದರು, ಸುತ್ತು ಮುಗಿದ ಮೇಲೆ ಯಾರು ಬಾಯಿ ತೆರೆದು ಉಸಿರಾಡುತ್ತ ಪೀಠದ ಮೇಲೆ ಕುಸಿದರು: ಇವು ಮುಂದಿನ ಸುತ್ತಿನ ಪಂಚಾಂಗ. ಇಂದಿನ ವೃತ್ತಿಕಾಳಗಗಳಲ್ಲಿ ಪ್ರತಿಯೊಂದು ಸುತ್ತಿಗೂ ಗೆದ್ದವನಿಗೆ ೧೦, ಸೋತವನಿಗೆ ೯ ಅಥವಾ ಅದಕ್ಕೂ ಕಡಮೆ ಅಂಕ ಕೊಡುವುದು ಪದ್ಧತಿ. ತೀರ್ಪುಗಾರರೂ ತಪ್ಪುವುದುಂಟು. ೧೯೮೮ರ ಸೋಲ್ ಒಲಿಂಪಿಕ್ಸಿನ ಅಂತಿಮ ಕಾಳಗದಲ್ಲಿ ರಾಯ್ ಜೋನ್ಸನು ೮೬ ಗುದ್ದುಗಳನ್ನು ತಗುಲಿಸಿ, ೩೨ನ್ನು ಮಾತ್ರ ತಗುಲಿಸಿದ ಎದುರಾಳಿಗೆ ೩-೨ರಿಂದ ಸೋತನೆಂದು ತೀರ್ಪಾಯಿತು. ಒಲಿಂಪಿಕ್ಸಿನಲ್ಲಿ ಸುತ್ತುಗಳು ಕಡಮೆಯಾದುದರಿಂದ ಕಾಯುವ ಉಪಾಯಕ್ಕೆ ಅಲ್ಲಿ ಎಡೆಯಿಲ್ಲ. ೨೦೧೨ರಲ್ಲಿ ಲಂಡನ್ನಿನಲ್ಲಿ ೫೧ ಕಿಲೋ ತೂಕದ ವಿಭಾಗದಲ್ಲಿ ಕಂಚಿನ ಪದಕವನ್ನು ಗಳಿಸಿದ ಮೇರಿ ಕೋಮ್ ತನ್ನ ಸಹಜವಾದ ೪೮ ಕಿಲೋ ವಿಭಾಗವು ಅಲ್ಲಿ ಇಲ್ಲದುದರಿಂದ ತನಗಿಂತ ದೊಡ್ಡ ಮೈಯವರೊಡನೆ ಕಾದಬೇಕಾಯಿತು. ಒಳನುಗ್ಗಿ ಹೊಡೆದು ಒಡನೆ ಹಿಂದೆ ಸರಿಯುವ ಚುರುಕೇ ಆಕೆಗೆ ಆಧಾರವಾಯಿತು.

ಸುತ್ತುಗಳ ಸಂಖ್ಯೆಯು ಬರಿಯ ಗಣಿತವಲ್ಲವೆಂಬುದನ್ನು ೧೯೮೨ರ ನವೆಂಬರಿನ ಒಂದು ದುರಂತವು ಜಗತ್ತಿಗೆ ತಿಳಿಸಿತು. ಕೊರಿಯದ ಕಿಮ್ ಡುಕ್ ಕೂ ಎಂಬ ತರುಣನು ರೇ ಮನ್ಸೀನಿಯೊಡನೆ ಕಾದಿ, ೧೪ನೆಯ ಸುತ್ತಿನಲ್ಲಿ ಬಿದ್ದು, ಕೆಲವು ದಿನಗಳಲ್ಲಿ ಅಸುನೀಗಿದನು. ಅದಾದ ಬಳಿಕ ೧೫ ಸುತ್ತುಗಳ ಪದವಿಕಾಳಗಗಳು ೧೨ಕ್ಕೆ ಇಳಿದುವು. ಒಂದು ಜೀವವು ಹೋದ ಮೇಲೆ ಮೂರು ಸುತ್ತುಗಳು ಕಡಮೆಯಾದುವು.

ವಿಜಯನಗರದ ಅರಸರು ಗಾಯಗೊಂಡವನಿಗೆ ವಸ್ತ್ರವನ್ನು ಕೊಟ್ಟುದೂ, ಮೈಸೂರಿನ ಜಟ್ಟಿಗಳು ಮೊದಲ ಹನಿಗೇ ಕೈ ತಡೆಯುವುದೂ ಇದೇ ಅರಿವಿನಿಂದ ಬಂದ ಕಟ್ಟಳೆಗಳೆಂದು ತೋರುತ್ತದೆ. ಕಾಳಗವು ಶಾಸ್ತ್ರವೆನಿಸಿಕೊಳ್ಳುವುದು ಅದರ ಪಟ್ಟುಗಳಿಂದ ಮಾತ್ರವಲ್ಲ. ಅದಕ್ಕೆ ಹಾಕಿದ ಎಲ್ಲೆಯಿಂದಲೂ ಹೌದು. ಕಿನ್ಶಾಸಾದ ಎಂಟು ಸುತ್ತುಗಳಲ್ಲಿ ಅಲಿಯು ತೋರಿಸಿದ ಯುಕ್ತಿಯು ಮೆಚ್ಚತಕ್ಕದ್ದೇ ಸರಿ. ಬೀಳುತ್ತಿರುವವನ ಮೇಲೆ ಅವನು ಬಿಡದೆಹೋದ ಆ ಒಂದು ಗುದ್ದೂ, ಮನಿಲಾದಲ್ಲಿ ಫಚ್ಚನು ಶಿಷ್ಯನನ್ನು ಪೀಠದಲ್ಲಿಯೇ ನಿಲ್ಲಿಸಿದ ಆ ಒಂದು ಮಾತೂ ಅದೇ ಲೆಕ್ಕದ ಪುಸ್ತಕದಲ್ಲಿ ಸೇರತಕ್ಕವು. ಮಕ್ಕಳೊಡನೆ ಕುಳಿತು ಕಾಳಗವನ್ನು ನೋಡುವ ಗೃಹಸ್ಥರು ಯಾರು ಗೆದ್ದರೆಂಬುದರ ಜತೆಗೆ ಯಾರು ಎಲ್ಲಿ ನಿಲ್ಲಿಸಿದರೆಂಬುದನ್ನೂ ಅವರಿಗೆ ತೋರಿಸಿಕೊಟ್ಟರೆ ಆ ನೋಟವು ಸಾರ್ಥಕವಾದೀತು.